ಸತು ಸವೆಯಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆಯಿಂದ ತಮ್ಮ ವಿಜ್ಞಾನ ಪ್ರದರ್ಶನದ ಮಾದರಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿರುವ ಮಕ್ಕಳೇ, ಹ್ವಾಯ್, ಹಿಂದೆ ಕೂತವರಿಗೆ ಕೇಂತಾ? ಸರಿ.

ಎಲ್ಲರನ್ನೂ ಹೆಸರು ಹಿಡಿದು ವಂದಿಸಬೇಕಿತ್ತು. ಸ್ವಾಗತ ಮಾಡಿದವರು ಆ ಕೆಲಸವನ್ನು ಚೆನ್ನಾಗಿ ಮುಗಿಸಿದ್ದಾರೆ, ನಾನು ಇನ್ನೊಮ್ಮೆ ಶುರುಮಾಡಿದರೆ ನಿಮ್ಮ ಊಟ ತಣ್ಣಗಾಗುತ್ತದೆ.

ಕರೆಯಲು ಬಂದವರು “ಸರ್, ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಿ” ಎಂದರು. ಒಬ್ಬರು ಕೊಡಚಾದ್ರಿಯ ಕಬ್ಬಿಣದ ಕಂಬದ ಬಗ್ಗೆ ಹೇಳಿ ಅಂದರು. ಅಷ್ಟು ಮಳೆಯಲ್ಲಿಯೂ ಹೆಚ್ಚು ತುಕ್ಕು ಹಿಡಿಯದೆ ನಿಂತ ಕಂಬ ಅದು. ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅದರ ಬಗ್ಗೆ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ, ಓದಿ. ನಾನು ಗಂಗೊಳ್ಳಿಯ ಕಡಲ ದಡದವನು. ತುಕ್ಕು ಹಿಡಿಯದ ಕಬ್ಬಿಣಕ್ಕಿಂತ ಹಿಡಿದ ಕಬ್ಬಿಣದ ಪರಿಚಯವೇ ನನಗೆ ಜಾಸ್ತಿ.

ನನ್ನ ಅಪ್ಪನದ್ದೊಂದು ಮರದ ಬೋಟು ಇತ್ತು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಲೂ ಮಳೆ ಬಿದ್ದೊಡನೆ ಬೋಟನ್ನು ಮೇಲೆ ಎಳೆದು ಹಾಕುತ್ತಿದ್ದರು. ಅಡಿಗೆ ಕಚ್ಚಿಕೊಂಡ ಚಿಪ್ಪು ಕೆರೆಯುವುದು ನಮ್ಮ ಹುಡುಗರ ಕೆಲಸ. ಚುಕ್ಕಾಣಿ ಕಬ್ಬಿಣದ್ದು, ಅದರ ಎದುರಿಗೇ ಹಿತ್ತಾಳೆಯ ಪ್ರೊಪೆಲ್ಲರ್. ಚುಕ್ಕಾಣಿಗೆ ಅಂಗೈ ಅಗಲದ ಒಂದು ಸತುವಿನ ತುಂಡನ್ನು ಬೋಲ್ಟ್ ಹಾಕಿ ಬಿಗಿದಿರುತ್ತಿದ್ದರು. ವರ್ಷದ ಕೊನೆಗೆ ನೋಡಿದರೆ ಅದು ಗೆದ್ದಲು ತಿಂದ ಹಲಗೆಯ ಹಾಗೆ ಆಗಿರುತ್ತಿತ್ತು. ಬಿಳಿ ಪುಡಿ, ಮೈತುಂಬ ಗುಂಡಿ. ಕಿತ್ತೆಸೆದು ಹೊಸತು ಹಾಕುವುದು, ಹಣ ಕೊಡುವಾಗ ಅಪ್ಪ ಗೊಣಗುವುದು, ಪ್ರತಿ ವರ್ಷದ ಕಥೆ.

ಒಂದು ವರ್ಷ ಬಣ್ಣ ಬಳಿಯುವವನು ಚುಕ್ಕಾಣಿಯ ಜೊತೆಗೆ ಸತುವಿಗೂ ಚಂದ ಮಾಡಿ ಕೆಂಪು ಬಣ್ಣ ಬಳಿದ. ಮುಂದಿನ ಮಳೆಗಾಲದಲ್ಲಿ ಬೋಟು ಮೇಲೆ ಬಂತು. ಸತು ಅಂಗಡಿಯಿಂದ ತಂದ ಹಾಗೇ ಇತ್ತು. ಅಪ್ಪನ ಮುಖ ಅರಳಿತು. “ಕಾಣ್ ಮಗಾ, ಒಂಚೂರ್ ಸವ್ದಿಲ್ಲ. ಎಂತಾ ಗಟ್ಟಿ ಸತು ಮಾರಾಯಾ!” ಆಮೇಲೆ ಚುಕ್ಕಾಣಿಯ ಬೋಲ್ಟಿಗೆ ಪಾನಾ ಹಾಕಿದರು. ಬೋಲ್ಟಿನ ತಲೆ ಬೆಲ್ಲದ ಹಾಗೆ ಮುರಿದು ಕೈಗೆ ಬಂತು.

ಅಪ್ಪನಿಗೆ ಆ ದಿನ ಯಾರೂ ಕಾರಣ ಹೇಳಲಿಲ್ಲ. ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಕಾಲೇಜಿನಲ್ಲಿ, ಪಠ್ಯಪುಸ್ತಕದ ಒಂದು ಕೋಷ್ಟಕ ನೋಡಿದಾಗ. ಪಿಯುಸಿ ಮಕ್ಕಳೇ, ನೀವು ಬಾಯಿಪಾಠ ಮಾಡುವ ಅದೇ ಕೋಷ್ಟಕ. ಹೈಡ್ರೋಜನ್ ಸೊನ್ನೆ, ತಾಮ್ರ ಪ್ಲಸ್ 0.34 ವೋಲ್ಟ್, ಕಬ್ಬಿಣ ಮೈನಸ್ 0.44, ಸತು ಮೈನಸ್ 0.76. ಎಲೆಕ್ಟ್ರಾನ್ ಬಿಟ್ಟುಕೊಡಲು ಯಾರಿಗೆ ಎಷ್ಟು ಆತುರ ಎಂಬುದರ ಲೆಕ್ಕ ಅದು. ಸತು, ತಾಮ್ರ ಎರಡನ್ನೂ ಅವುಗಳದೇ ಲವಣದ ದ್ರಾವಣದಲ್ಲಿಟ್ಟು ಜೋಡಿಸಿದರೆ 1.10 ವೋಲ್ಟ್ ಬರುತ್ತದೆ. 1836ರಲ್ಲಿ ರಸಾಯನಶಾಸ್ತ್ರಜ್ಞ ಡೇನಿಯಲ್ ಮಾಡಿದ ಕೋಶ ಅದು.

ನಮ್ಮ ಬೋಟಿನ ಅಡಿಯಲ್ಲಿ ಇದ್ದದ್ದೂ ಒಂದು ಕೋಶವೇ. ಸಮುದ್ರದ ಉಪ್ಪುನೀರೇ ದ್ರಾವಣ. ಸತು ಇಲ್ಲದಿದ್ದರೆ ಹಿತ್ತಾಳೆಯ ಎದುರು ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡು ಕರಗುತ್ತದೆ. ಸತು ಇದ್ದರೆ ಅದು ಮುಂದೆ ಬಂದು, ನಾನು ಕೊಡುತ್ತೇನೆ, ನೀನು ಸುಮ್ಮನಿರು ಅನ್ನುತ್ತದೆ. ಅದು ಕೊಟ್ಟ ಎಲೆಕ್ಟ್ರಾನು ಲೋಹದೊಳಗೆ ಹರಿದು, ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಸೇರುತ್ತದೆ. ಕಬ್ಬಿಣ ಉಳಿಯುತ್ತದೆ. ಆದರೆ ಸತುವಿಗೆ ನೀರು ತಾಗಬೇಕು. ಬಣ್ಣ ಬಳಿದರೆ ಅದು ಬರೀ ಭಾರ. ಸವೆಯದ ಸತು ಕೆಲಸ ಮಾಡದ ಸತು.

ಕೋಷ್ಟಕವನ್ನೇ ಕಣ್ಣುಮುಚ್ಚಿ ನಂಬಬೇಡಿ, ಇದನ್ನೂ ಹೇಳಬೇಕು. ಅದರಲ್ಲಿ ಅಲ್ಯೂಮಿನಿಯಂ ಮೈನಸ್ 1.66, ಸತುವಿಗಿಂತ ಎಷ್ಟೋ ಕೆಳಗೆ. ಹಾಗಾದರೆ ಅದೇ ಮೊದಲು ಸವೆಯಬೇಕಲ್ಲ? ಸಮುದ್ರದಲ್ಲಿ ಹಾಗಾಗುವುದಿಲ್ಲ. ಅಲ್ಯೂಮಿನಿಯಂ ತನ್ನ ಮೈಮೇಲೆ ಆಕ್ಸೈಡಿನ ತೆಳು ಪೊರೆ ಹೊದ್ದು ಕೂತಿರುತ್ತದೆ, ಸತುವೇ ಮೊದಲು ಸವೆಯುತ್ತದೆ. ಕೋಷ್ಟಕ ಸರಿಯಿದ್ದಲ್ಲೂ ತೊಡಕು ಬರಬಹುದು. 1824ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಇಂಗ್ಲೆಂಡಿನ ನೌಕಾಪಡೆಯ ಹಡಗುಗಳ ತಾಮ್ರದ ತಗಡು ಸವೆಯದಂತೆ ಸತು, ಕಬ್ಬಿಣ ಜೋಡಿಸಿ ನೋಡಿದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುತ್ತಿದ್ದದ್ದರಿಂದಲೇ ಚಿಪ್ಪುಹುಳ ಹತ್ತಿರ ಬರುತ್ತಿರಲಿಲ್ಲ. ಕರಗುವುದು ನಿಂತ ಕೂಡಲೇ ಪಾಚಿ, ಚಿಪ್ಪು ಮೆತ್ತಿಕೊಂಡು ಹಡಗಿನ ಓಟವೇ ನಿಧಾನವಾಯಿತು. ಲೆಕ್ಕ ಸರಿ, ಹಡಗು ನಿಧಾನ. ಕೆರೆಯುವ ಕೆಲಸ ಗೊತ್ತಿದ್ದ ನಮ್ಮೂರಿನ ಹುಡುಗರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು.

ಈಗ ನನ್ನ ಹಳೆಯ ತಕರಾರು. ಒಳಗೆ ಬರುವಾಗ ಕಂಡೆ, ಮೂರು ಮೇಜಿನ ಮೇಲೆ ‘ನಿಂಬೆಹಣ್ಣಿನಿಂದ ವಿದ್ಯುತ್’ ಎಂಬ ಬೋರ್ಡು ಇದೆ. ಒಬ್ಬರು ನಿಂಬೆ ಬಿಟ್ಟು ಪುನರ್ಪುಳಿ ಇಟ್ಟಿದ್ದಾರೆ, ಬಹಳ ಸಂತೋಷ. ಆದರೆ ಮಕ್ಕಳೇ, ವಿದ್ಯುತ್ತು ನಿಂಬೆಯದ್ದಲ್ಲ. ಹಣ್ಣಿನ ಹುಳಿ ದಾರಿ ಮಾಡಿಕೊಡುತ್ತದೆ. ಕರಗಿ ಶಕ್ತಿ ಕೊಡುವುದು ನೀವು ಚುಚ್ಚಿದ ಸತುವಿನ ಮೊಳೆ. ಸವೆಯುವವನ ಹೆಸರು ಬೋರ್ಡಿನಲ್ಲಿಲ್ಲ. ಒಂದು ಹಣ್ಣಿಗೆ ಸುಮಾರು 0.9 ವೋಲ್ಟ್ ಸಿಗುತ್ತದೆ. ಕೆಂಪು ಎಲ್ಇಡಿಗೆ 1.8ರ ಹತ್ತಿರ ಬೇಕು. ಮೂರು, ನಾಲ್ಕು ಹಣ್ಣು ಸಾಲಾಗಿ ಜೋಡಿಸಿದರೂ ಕತ್ತಲೆಯಲ್ಲಿ ಮಾತ್ರ ಕಾಣುವ ಮಂಕು ಬೆಳಕು.

ಹಿಂದೆ ಒಂದು ಪ್ರದರ್ಶನಕ್ಕೆ ನಾನು ತೀರ್ಪುಗಾರ. ಒಂದು ಮೇಜಿನಲ್ಲಿ ಎರಡೇ ನಿಂಬೆಗೆ ಬಲ್ಬು ಝಗಮಗ. ಮೇಜಿನ ಬಟ್ಟೆ ಎತ್ತಿದೆ. ಕೆಳಗೆ ಎರಡು ಪೆನ್ಸಿಲ್ ಸೆಲ್ಲು, ಟೇಪು ಸುತ್ತಿ ಇಟ್ಟಿದ್ದರು. ಹುಡುಗ ತಲೆ ತಗ್ಗಿಸಿದ. ಪಕ್ಕದಲ್ಲಿದ್ದ ಮೇಷ್ಟ್ರು, “ಬಂದವರಿಗೆ ಬೆಳಕು ಕಾಣಬೇಕಲ್ಲ ಸರ್” ಅಂದರು. ಅದರ ಪಕ್ಕದ ಮೇಜಿನಲ್ಲಿ ಒಬ್ಬಳು ಹುಡುಗಿ. ಅವಳ ಬಲ್ಬು ಹೊತ್ತಲೇ ಇಲ್ಲ. ಆದರೆ ಅವಳ ನೋಟ್‌ಬುಕ್ಕಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೀಟರು ತೋರಿದ ಅಂಕಿ ಇತ್ತು, ಎಲ್ಲಿ ಕುಸಿಯಿತು ಅಂತ ಗೆರೆಯೂ ಇತ್ತು. ಬಹುಮಾನ ಝಗಮಗಕ್ಕೆ ಹೋಯಿತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಒಂದು ಕಡೆ. ಆದರೆ ಆ ಬಹುಮಾನದ ಪಟ್ಟಿಗೆ ನಾನೂ ಸಹಿ ಹಾಕಿದೆ. ಆ ಸಹಿ ಈಗಲೂ ಚುಚ್ಚುತ್ತದೆ.

ಸತುವಿಗೆ ಬಳಿದ ಬಣ್ಣಕ್ಕೂ ಮೇಜಿನಡಿಯ ಸೆಲ್ಲಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ನೋಡುವುದಕ್ಕೆ ಚಂದ. ಒಳಗೆ ಬೋಲ್ಟು ಬೆಲ್ಲವಾಗುತ್ತಿರುತ್ತದೆ. ಶಿಕ್ಷಕರಲ್ಲಿ ಒಂದೇ ಬೇಡಿಕೆ: ಹೊತ್ತದ ಬಲ್ಬಿಗೂ ಒಂದು ಮೇಜು ಕೊಡಿ, ಜೊತೆಗೊಂದು ಮೀಟರು ಕೊಡಿ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಘೋಷಿಸುತ್ತೇನೆ. ನಾನು ಮೊದಲು ನಿಂಬೆಹಣ್ಣಿನ ಮೇಜಿಗೆ ಬರುವವನು. ಬಟ್ಟೆ ಎತ್ತಿ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಚಹಾ ಕುಡಿದು ನಿಧಾನವಾಗಿ ಬರುತ್ತೇನೆ, ತೆಗೆಯುವುದೇನಾದರೂ ಇದ್ದರೆ ಅಷ್ಟರೊಳಗೆ ತೆಗೆದುಬಿಡಿ.