ಹಿರಿಯರ ಮನೆಯ ನಗೆ: ನೋಡುವವರ ಮಾತು



ಕಿರುತೆರೆಯಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿದೆ ಎಂದುಕೊಳ್ಳಿ. ಕಥೆ ನಡೆಯುವುದು ನಿವೃತ್ತರೇ ಸೇರಿ ಬಾಳುವ ಒಂದು ವಸತಿಯಲ್ಲಿ. ಪಿಂಚಣಿ ತಡವಾಯಿತೆಂದು ರೇಗುವ ಮೇಷ್ಟರು, ಸಕ್ಕರೆ ಕಾಯಿಲೆ ಇದ್ದರೂ ಮೈಸೂರುಪಾಕು ಬಚ್ಚಿಟ್ಟುಕೊಳ್ಳುವ ಅಜ್ಜಿ, ಭಾನುವಾರ ಮಾತ್ರ ಮುಖ ತೋರಿಸುವ ಮಗ, ಸೊಸೆ, ಮೊಮ್ಮಕ್ಕಳು. ಇದನ್ನು ನೀವು ನೋಡುತ್ತೀರಾ? ನೋಡಿ ನಗುತ್ತೀರಾ? ನಕ್ಕ ಮೇಲೆ ಏನೆನ್ನುತ್ತೀರಿ?

ಈ ಪ್ರಶ್ನೆಯನ್ನು ನಾನು ಮೊದಲು ಬೆಂಗಳೂರಿನ ಕೆಲವು ಪರಿಚಿತರ ಮುಂದೆ, ಆಮೇಲೆ ಹನೂರು ತಾಲ್ಲೂಕಿನ ಗಡಿಯಲ್ಲಿರುವ ಗೋಪಿನಾಥಂನಲ್ಲಿ ಜಗಲಿಯ ಮೇಲೆ ಕುಳಿತಿದ್ದ ಹಿರಿಯರ ಮುಂದೆ ಇಟ್ಟೆ. ಬಂದ ಆಕ್ಷೇಪಗಳು ಮೂರು ಬಗೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮುದುಕರನ್ನು ನೋಡಿ ನಗುವುದು ಅಗೌರವ ಎಂಬ ಮಾತು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ನಮ್ಮ ಎಷ್ಟೋ ಹಾಸ್ಯ ಪ್ರಸಂಗಗಳಲ್ಲಿ ತಾತ ಎಂದರೆ ಕಿವಿ ಕೇಳಿಸದವನು, ಅಜ್ಜಿ ಎಂದರೆ ವಟಗುಟ್ಟುವವಳು. ಅವರು ಮಾತಾಡುವ ಮುನ್ನವೇ ನಗೆ ಸಿದ್ಧವಾಗಿರುತ್ತದೆ. ಆದರೆ ಹಿರಿಯರನ್ನು ನೋಡಿ ನಗುವುದು ಬೇರೆ, ಹಿರಿಯರೇ ನಗಿಸುವುದು ಬೇರೆ. ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ 1990ರಿಂದ 1994ರವರೆಗೆ ‘ವೇಟಿಂಗ್ ಫಾರ್ ಗಾಡ್’ ಎಂಬ ಧಾರಾವಾಹಿ ಬಂದಿತು. ಅದರ ಕಥೆ ನಡೆಯುವುದು ಬೇವ್ಯೂ ಎಂಬ ವೃದ್ಧರ ವಸತಿಯಲ್ಲಿ. ಅಲ್ಲಿ ನಗೆಪಾಟಲಿಗೆ ಗುರಿಯಾಗುವವನು ಹಣದಾಸೆಯ ವ್ಯವಸ್ಥಾಪಕ. ಅವನನ್ನು ಗೋಳು ಹೊಯ್ದುಕೊಳ್ಳುವವರು ಡಯಾನಾ, ಟಾಮ್ ಎಂಬ ಇಬ್ಬರು ವೃದ್ಧರು. ಅಮೆರಿಕದ ‘ಗೋಲ್ಡನ್ ಗರ್ಲ್ಸ್’ 1985ರಿಂದ 1992ರವರೆಗೆ 180 ಕಂತು ನಡೆಯಿತು. ವೃದ್ಧಾಶ್ರಮಕ್ಕೆ ಬೆಂಕಿ ಬಿದ್ದುದರಿಂದ ಮಗಳ ಮನೆ ಸೇರುವ ಸೋಫಿಯಾ ಎಂಬ ತಾಯಿ ಅದರಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಾಳೆ. ಒಂದು ಸ್ವಾರಸ್ಯವನ್ನೂ ಹೇಳಬೇಕು: ಆ ತಾಯಿಯ ಪಾತ್ರ ಮಾಡಿದ ನಟಿ ಎಸ್ಟೆಲ್ ಗೆಟಿ, ಮಗಳ ಪಾತ್ರ ಮಾಡಿದ ಬಿಯಾ ಆರ್ಥರ್‌ಗಿಂತ ಒಂದು ವರ್ಷ ಚಿಕ್ಕವರು! ಮುಪ್ಪನ್ನು ತೋರಿಸುವಾಗಲೂ ನಿಜವಾದ ಮುಪ್ಪಿಗೆ ಜಾಗ ಸಿಗುವುದು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. “ವೃದ್ಧಾಶ್ರಮ ನಮ್ಮ ಸಂಸ್ಕೃತಿಯಲ್ಲ. ಅದನ್ನು ನಗುನಗುತ್ತಾ ತೋರಿಸಿದರೆ ಮಕ್ಕಳಿಗೆ ದಾರಿ ತೋರಿಸಿದ ಹಾಗಾಗುತ್ತದೆ” ಎಂದರು ನಿವೃತ್ತ ಗುಮಾಸ್ತರೊಬ್ಬರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ದಾರಿಯನ್ನು ಧಾರಾವಾಹಿ ತೋರಿಸಬೇಕಾಗಿಲ್ಲ, ಅದು ಆಗಲೇ ತೆರೆದಿದೆ. ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ನಮ್ಮ ಸಂಸತ್ತು 2007ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ತಮ್ಮನ್ನು ತಾವು ನೋಡಿಕೊಳ್ಳಲಾಗದ ತಾಯಿತಂದೆಯರು ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಸಂಸ್ಕೃತಿಯೊಂದೇ ಸಾಕಾಗಿದ್ದರೆ ಈ ಕಾಯಿದೆಯ ಅಗತ್ಯವೇನಿತ್ತು? 2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅಷ್ಟು ಜನರ ಬದುಕನ್ನು ತೆರೆಯ ಮೇಲೆ ಕಾಣಿಸದಂತೆ ಮಾಡಿದರೆ ಅದು ಗೌರವವಾಗುವುದಿಲ್ಲ.

ಇನ್ನು ಗೋಪಿನಾಥಂನಂತಹ ಊರುಗಳನ್ನೇ ನೋಡಿ. ಕಾಡು, ಬೆಟ್ಟ, ಅತ್ತ ಕಾವೇರಿ, ಹೊಗೇನಕಲ್ಲು. ಮಳೆ ನಂಬಿದ ಬೇಸಾಯ. ದುಡಿಯುವ ವಯಸ್ಸಿನವರು ಕೆಲಸ ಹುಡುಕಿ ತಿರುಪ್ಪೂರು, ಬೆಂಗಳೂರು ಎಂದು ಹೋಗುತ್ತಾರೆ. ಹಬ್ಬಕ್ಕೋ ಜಾತ್ರೆಗೋ ಬಂದು ಮರಳುತ್ತಾರೆ. ಮನೆಯಲ್ಲಿ ಉಳಿಯುವವರು ವಯಸ್ಸಾದವರು. ಯಾರೂ ಕಟ್ಟಿಸದೆ, ಯಾರೂ ಹೆಸರಿಡದೆ ಊರೇ ನಿವೃತ್ತರ ವಸತಿಯಾಗುತ್ತಿದೆ. ವ್ಯತ್ಯಾಸವೆಂದರೆ ಇಲ್ಲಿ ಯಾರೂ ನಿವೃತ್ತರಾಗಿಲ್ಲ. ಎಪ್ಪತ್ತರ ಅಜ್ಜಿಯೂ ಮೇಕೆ ಹೊಡೆದುಕೊಂಡು ಹೋಗಬೇಕು.

ಅಂಥ ಅಜ್ಜಿಯೊಬ್ಬರೇ ಮೂರನೆಯ ಆಕ್ಷೇಪ ಎತ್ತಿದರು. “ಅಲ್ಲಿ ಹೊತ್ತೊತ್ತಿಗೆ ಯಾರೋ ಅನ್ನ ಮಾಡಿ ಇಕ್ತಾರೆ ಕನಪ್ಪ. ಅವ್ರು ನಗ್ತಾರೆ. ನಮ್ಗ್ಯಾಕೆ ಅದು?” ಎಂದರು. ಹಾಸ್ಯ ಧಾರಾವಾಹಿಗಳ ಮೇಲೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಕೇಳಿಲ್ಲ. ನಿವೃತ್ತಿ ಎಂಬ ಮಾತೇ ಸಂಬಳ ಇದ್ದವರದು. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ವೇತನ ಆರಂಭವಾದಾಗ ಅದು ತಿಂಗಳಿಗೆ 400 ರೂಪಾಯಿ. ಆಮೇಲೆ ಏರಿದೆ, ನಿಜ. ಆದರೆ ಅದನ್ನು ನಂಬಿ ಮೇಕೆ ಮಾರಿ ಕೂರುವ ಹಾಗಿಲ್ಲ.

ಹಾಗಾದರೆ ಉಳ್ಳವರ ಮುಪ್ಪಿಗೂ ಇಲ್ಲದವರ ಮುಪ್ಪಿಗೂ ಏನೂ ಸಂಬಂಧವಿಲ್ಲವೇ? 2020ರಲ್ಲಿ ಚಿಲಿ ದೇಶದ ಮೈತೆ ಆಲ್ಬೆರ್ದಿ ಎಂಬ ನಿರ್ದೇಶಕಿ ‘ದಿ ಮೋಲ್ ಏಜೆಂಟ್’ ಎಂಬ ಸಾಕ್ಷ್ಯಚಿತ್ರ ತೆಗೆದರು. ವೃದ್ಧಾಶ್ರಮದಲ್ಲಿರುವ ತಾಯಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂಬ ಗುಮಾನಿಯಿಂದ ಮಗಳು ಒಬ್ಬ ವೃದ್ಧರನ್ನು ಗೂಢಚಾರರಾಗಿ ಒಳಗೆ ಕಳಿಸುತ್ತಾಳೆ. ಅವರು ತಿಂಗಳುಗಟ್ಟಲೆ ಹುಡುಕಿ ಕಂಡುಹಿಡಿದದ್ದು ದೊಡ್ಡ ಅಪರಾಧವನ್ನಲ್ಲ, ಒಂಟಿತನವನ್ನು. ಆ ತಾಯಿಯನ್ನು ನೋಡಲು ಮನೆಯವರು ಬರುತ್ತಿರಲಿಲ್ಲ. ಇದೇ ಚಿತ್ರದ ಎಳೆ ಹಿಡಿದು 2024ರಲ್ಲಿ ‘ಎ ಮ್ಯಾನ್ ಆನ್ ದಿ ಇನ್‌ಸೈಡ್’ ಎಂಬ ಹಾಸ್ಯ ಧಾರಾವಾಹಿ ಬಂದಿತು. ಕನ್ನಡದಲ್ಲಿ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬರಾಯರನ್ನು, ಅನಂತನಾಗ್ ಅವರ ಆ ಪಾತ್ರವನ್ನು, ನೀವು ನೋಡಿರಬಹುದು. ತಂದೆ ಕಾಣೆಯಾದ ಮೇಲೆ ಮಗ ಅವರನ್ನು ಹುಡುಕುತ್ತಾ ಮೊದಲ ಬಾರಿಗೆ ಅವರನ್ನು ತಿಳಿಯುತ್ತಾನೆ. ಅನ್ನ ಇಕ್ಕುವವರಿರುವ ಕಡೆಯೂ ಇಲ್ಲದ ಕಡೆಯೂ ಹಿರಿಯರು ಕಾಯುವುದು ಒಂದನ್ನೇ: ಬಾಗಿಲ ಬಳಿ ಒಂದು ಹೆಜ್ಜೆಯ ಸಪ್ಪಳ.

ಗೋಪಿನಾಥಂನ ಹಿರಿಯರಿಗೆ ಟಿ.ವಿ.ಯ ಮೇಲೆ ಇನ್ನೊಂದು ಮುನಿಸೂ ಇದೆ. ವೀರಪ್ಪನ್ ಹುಟ್ಟಿದ ಊರೆಂದು ಇದನ್ನು ನಾಡೆಲ್ಲ ಬಲ್ಲದು. ಈ ಊರಿನ ಜನರ ನಡುವೆ ಇದ್ದು ಮಾರಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ 1991ರ ನವೆಂಬರ್‌ನಲ್ಲಿ ಕೊಂದ. 2004ರ ಅಕ್ಟೋಬರ್‌ನಲ್ಲಿ ಅವನೂ ಹತನಾದ. ಅಷ್ಟೂ ವರ್ಷ ಊರಿನ ಜನಕ್ಕೆ ಒಂದು ಕಡೆ ಕಾಡಿನ ಭಯ, ಇನ್ನೊಂದು ಕಡೆ ಶಂಕೆಯ ಕಣ್ಣು. ಆಗ ಮೂವತ್ತೈದರವರು ಈಗ ಎಪ್ಪತ್ತರ ಆಸುಪಾಸಿನವರು. “ನಮ್ಮೂರ್ನ ತೋರ್ಸುದ್ರೆ ಬಂದೂಕ್ನೂ ತೋರ್ಸ್ತಾರೆ. ನಾವ್ ನಗದ್ನ ಯಾರೂ ತೋರ್ಸ್ನಿಲ್ಲ” ಎಂದರು ಒಬ್ಬ ತಾತ. ಟಿ.ವಿ. ಈ ಊರಿನ ಬಗ್ಗೆ ಎಷ್ಟೋ ಅಭಿಪ್ರಾಯ ಹೇಳಿದೆ, ಆದರೆ ಟಿ.ವಿ.ಯ ಬಗ್ಗೆ ಈ ಊರಿನ ಅಭಿಪ್ರಾಯವನ್ನು ಕೇಳಿದವರು ಕಡಿಮೆ.

ವೀಕ್ಷಕರ ಅಭಿಪ್ರಾಯದಿಂದ ಏನಾದೀತು ಎನ್ನಬೇಡಿ. ದೂರದರ್ಶನದಲ್ಲಿ 1984ರ ಜುಲೈಯಿಂದ 1985ರ ಡಿಸೆಂಬರ್‌ವರೆಗೆ ‘ಹಮ್ ಲೋಗ್’ ಬಂದಾಗ ವೀಕ್ಷಕರು ಬರೆದ ಪತ್ರಗಳು ನಾಲ್ಕು ಲಕ್ಷದಷ್ಟು. ಅದರಲ್ಲಿ ಸುಷ್ಮಾ ಸೇಠ್ ಮಾಡಿದ ದಾದಿಯ, ಅಂದರೆ ಅಜ್ಜಿಯ ಪಾತ್ರಕ್ಕೆ ಗಂಟಲಿನ ಕ್ಯಾನ್ಸರ್ ಬಂದಿತ್ತು. ಆಕೆ ಬೇಗ ಸಾಯಬಾರದೆಂದು ನೋಡುವವರು ಹಟ ಹಿಡಿದರು, ಆ ಪಾತ್ರದ ಆಯುಸ್ಸು ಬೆಳೆಯಿತು. ಒಬ್ಬ ಅಜ್ಜಿಯನ್ನು ದೇಶದ ಜನ ಬರೆದು ಬರೆದು ಬದುಕಿಸಿಕೊಂಡರು.

ಆದ್ದರಿಂದ ಓದುಗರೇ, ಹಿರಿಯರ ಕಥೆ ತೆರೆಯ ಮೇಲೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ನಗಿಸುವವರು ಯಾರು, ನಗೆಗೀಡಾಗುವವರು ಯಾರು? ಅವರ ಅನ್ನ, ಔಷಧ, ಹಣದ ಲೆಕ್ಕ ಕಥೆಯಲ್ಲಿ ಇದೆಯೇ? ಕೊನೆಯ ಮಾತು ಅವರಿಗೆ ಸಿಕ್ಕಿತೇ? ಉತ್ತರವನ್ನು ಕೇಂದ್ರಕ್ಕೆ ಬರೆಯಿರಿ. ಬರೆಯಲಾರದ ಹಿರಿಯರು ಮನೆಯಲ್ಲಿದ್ದರೆ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಡಿ. ಪತ್ರ ಕೇಂದ್ರಕ್ಕೆ ತಲುಪುವುದು ಆಮೇಲಿನ ಮಾತು. ಆ ಅರ್ಧ ಗಂಟೆ ನೀವು ಅವರ ಪಕ್ಕದಲ್ಲಿ ಕುಳಿತಿರುತ್ತೀರಲ್ಲ, ಅವರು ಕಾಯುತ್ತಿದ್ದದ್ದು ಅದಕ್ಕೇ.