ಖಾನಾಪುರದ ದಾರಿಗೆ ಕಸ್ರ್ ಇಲ್ಲ

(ಜುಮಾ ಭಾಷಣದ ಸಾರಾಂಶ)

 



ಪ್ರಯಾಣ ಎಂದ ಕೂಡಲೇ ನಮ್ಮ ಮನಸ್ಸು ದೊಡ್ಡ ಪ್ರಯಾಣಗಳ ಕಡೆಗೆ ಹೋಗುತ್ತದೆ. ಹಜ್ಜಿಗೆ ಹೊರಟವರನ್ನು ಬೀಳ್ಕೊಡಲು ಇಡೀ ಗಲ್ಲಿ ಸೇರುತ್ತದೆ. ಅವರು ಮನೆಮನೆಗೆ ಬಂದು, ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಕೇಳುತ್ತಾರೆ, ಸಾಲ ಇದ್ದರೆ ತೀರಿಸಿ ಹೋಗುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಹಜ್ಜ್ ಜೀವನದಲ್ಲಿ ಒಮ್ಮೆ ಬರುವ ಪ್ರಯಾಣ. ನಮ್ಮ ಆಯುಷ್ಯದ ಹೆಚ್ಚಿನ ದಾರಿ ಸವೆಯುವುದು ಸಣ್ಣ ಪ್ರಯಾಣಗಳಲ್ಲಿ: ಮನೆಯಿಂದ ಅಂಗಡಿಗೆ, ಗಲ್ಲಿಯಿಂದ ಉದ್ಯಮಬಾಗದ ಕಾರ್ಖಾನೆಗೆ, ಬೆಳಗಾವಿಯಿಂದ ಖಾನಾಪುರಕ್ಕೆ. ಈ ಸಣ್ಣ ಪ್ರಯಾಣಗಳಿಗೆ ನಾವು ಯಾರ ಬಳಿಯೂ ಮಾಫಿ ಕೇಳಿ ಹೊರಡುವುದಿಲ್ಲ. ಇವುಗಳ ಲೆಕ್ಕವೂ ಬರೆಯಲಾಗುತ್ತದೆ ಎಂಬ ನೆನಪೂ ಇರುವುದಿಲ್ಲ.

ಮೊನ್ನೆ ಒಬ್ಬ ಯುವಕ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದ. ‘ಹಜ್ರತ್, ನಾನು ದಿನಾ ಖಾನಾಪುರಕ್ಕೆ ಕೆಲಸಕ್ಕೆ ಹೋಗಿ ಬರ್ತೀನಿ. ನಾನು ಮುಸಾಫಿರ್ ಅಲ್ವಾ? ಕಸ್ರ್ ಮಾಡಬಹುದಾ?’ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಉತ್ತರವನ್ನು ಎಲ್ಲರೂ ತಿಳಿದಿರಬೇಕು.

ಪ್ರಯಾಣಿಕನು ನಮಾಝನ್ನು ಚಿಕ್ಕದು ಮಾಡಲು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಅನುಮತಿ ಕೊಟ್ಟಿದ್ದಾನೆ. ಝುಹರ್, ಅಸರ್, ಇಶಾಗಳ ನಾಲ್ಕು ರಕಅತ್ ಫರ್ಝ್ ಎರಡಾಗುತ್ತದೆ. ಫಜರ್ ಮತ್ತು ಮಗ್ರಿಬ್ ಹಾಗೆಯೇ ಉಳಿಯುತ್ತವೆ. ಆದರೆ ಎಲ್ಲ ಓಡಾಟವೂ ಶರೀಅತ್ತಿನ ದೃಷ್ಟಿಯಲ್ಲಿ ಸಫರ್ ಅಲ್ಲ. ಹನಫಿ ಫಿಕ್ಹ್‌ನಲ್ಲಿ ಮೂರು ದಿನಗಳ ನಡಿಗೆಯ ದೂರ ಬೇಕು. ನಮ್ಮ ದೇಶದ ಅನೇಕ ಉಲಮಾಗಳು ಅದನ್ನು 48 ಮೈಲಿ, ಅಂದರೆ ಸುಮಾರು 77 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಕೆಲವರು ಇನ್ನೂ ಹೆಚ್ಚು ಹೇಳುತ್ತಾರೆ. ಹೋಗುವುದು ಬರುವುದು ಎರಡನ್ನೂ ಕೂಡಿಸಿ ಲೆಕ್ಕ ಮಾಡುವಂತಿಲ್ಲ, ಒಂದು ಕಡೆಯ ದೂರವೇ ಅಷ್ಟಿರಬೇಕು. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಆದ್ದರಿಂದ ಖಾನಾಪುರದ ದಾರಿಗೆ ಕಸ್ರ್ ಇಲ್ಲ. ನಮಾಝ್ ಪೂರ್ತಿ.

ಉತ್ತರ ಇಷ್ಟೇ. ಆದರೆ ಆ ಯುವಕ ಹೋದ ಮೇಲೆ ನಾವು ಯೋಚಿಸಿದೆವು. ನಮಾಝನ್ನು ಪೂರ್ತಿ ಮಾಡಬೇಕಾದ ಈ ದಾರಿಯಲ್ಲಿ ನಾವು ಬೇರೆ ಏನೇನನ್ನು ಚಿಕ್ಕದು ಮಾಡುತ್ತಿದ್ದೇವೆ?

ಮೊದಲನೆಯದಾಗಿ ನಮಾಝನ್ನೇ ನೋಡಿ. ಸಂಜೆ ಕೆಲಸ ಬಿಟ್ಟು ಬಸ್ ಹಿಡಿಯುವ ಗಡಿಬಿಡಿಯಲ್ಲಿ ಅಸರ್ ಹೋಗುತ್ತದೆ. ಬಸ್ಸಿನಲ್ಲಿದ್ದೆವು ಎಂದು ಮಗ್ರಿಬ್ ಕೂಡ ಹೋಗುತ್ತದೆ. ಸಹೋದರರೇ, ಖಾನಾಪುರದ ಬಸ್ ದಾರಿ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಗ್ರಿಬ್‌ನ ವೇಳೆ ನಮ್ಮ ಕಡೆ ಒಂದು ಗಂಟೆಗೂ ಮೇಲಿರುತ್ತದೆ. ಅಸರ್ ಮುಗಿಸಿ ಬಸ್ ಹತ್ತಿ. ಅಝಾನ್ ಹೊತ್ತಿಗೆ ದಾರಿಯಲ್ಲಿದ್ದರೆ ಇಳಿದ ಕೂಡಲೇ ಮಸೀದಿಯ ಕಡೆಗೆ ನಡೆಯಿರಿ, ಮನೆಗೆ ಆಮೇಲೆ. ವುಝೂ ಮಾಡಿಕೊಂಡೇ ಬಸ್ ಹತ್ತಿದರೆ ಇನ್ನೂ ಸುಲಭ. ಅರ್ಧ ಕಷ್ಟ ಕಡಿಮೆಯಾಗುವುದು ಯೋಜನೆಯಿಂದ.

ಎರಡನೆಯದು ಸತ್ಯ. ನಮ್ಮ ಸರಕಾರಿ ಬಸ್ಸುಗಳಲ್ಲಿ ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಅಲ್ಲಿಂದ ಹನ್ನೆರಡರ ತನಕ ಅರ್ಧ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿದೆ, ಗಂಡುಮಕ್ಕಳಿಗೆ ಹಳೆಯ ನಿಯಮವೇ. ಕಂಡಕ್ಟರ್ ಬಂದು ಹುಡುಗನ ವಯಸ್ಸು ಕೇಳುತ್ತಾನೆ. ಎರಡನೇ ಕ್ಲಾಸು ಓದುವ ಹುಡುಗನನ್ನು ತೊಡೆಯ ಮೇಲೆ ಎಳೆದುಕೊಂಡು ತಂದೆ ‘ಐದು’ ಎನ್ನುತ್ತಾನೆ. ಹುಡುಗ ತಂದೆಯ ಮುಖ ನೋಡುತ್ತಾನೆ. ಅವನಿಗೆ ತನ್ನ ವಯಸ್ಸು ಗೊತ್ತು. ಉಳಿದದ್ದು ಕೆಲವು ರೂಪಾಯಿ. ಆ ಹುಡುಗ ಆ ಹೊತ್ತು ಕಲಿತದ್ದನ್ನು ನಮ್ಮ ಮದ್ರಸದಲ್ಲಿ ಒಂದು ವರ್ಷ ಕೂರಿಸಿದರೂ ಮರೆಸಲಾಗುವುದಿಲ್ಲ.

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ಘಟನೆ ಇದೆ. ಒಬ್ಬ ತಾಯಿ ತನ್ನ ಚಿಕ್ಕ ಮಗನನ್ನು, ಬಾ, ಏನೋ ಕೊಡುತ್ತೇನೆ ಎಂದು ಕರೆದರು. ಮನೆಯಲ್ಲಿದ್ದ ಪ್ರವಾದಿ(ಸ) ಏನು ಕೊಡಬೇಕೆಂದಿದ್ದೀರಿ ಎಂದು ಕೇಳಿದರು. ಖರ್ಜೂರ ಎಂದರು ಆ ತಾಯಿ. ಏನೂ ಕೊಡದೆ ಇದ್ದಿದ್ದರೆ ನಿಮ್ಮ ಮೇಲೆ ಒಂದು ಸುಳ್ಳು ಬರೆಯಲಾಗುತ್ತಿತ್ತು ಎಂಬರ್ಥದ ಮಾತನ್ನು ಅವರು ಹೇಳಿದರು. ಮಗುವಿಗೆ ಆಡಿದ ಸುಳ್ಳೇ ಇಷ್ಟು ದೊಡ್ಡದಾದರೆ, ಮಗುವನ್ನೇ ಮುಂದಿಟ್ಟುಕೊಂಡು ಆಡಿದ ಸುಳ್ಳು ಎಷ್ಟು ದೊಡ್ಡದು!

ಮೂರನೆಯದು ಪಕ್ಕದ ಸೀಟಿನವರ ಹಕ್ಕು. ಸೂರಃ ಅನ್ನಿಸಾದ 36ನೇ ಸೂಕ್ತದಲ್ಲಿ ಅಲ್ಲಾಹನು ಯಾರ ಜೊತೆ ಒಳ್ಳೆಯ ರೀತಿಯಲ್ಲಿ ನಡೆದುಕೊಳ್ಳಬೇಕೆಂದು ಒಬ್ಬೊಬ್ಬರನ್ನಾಗಿ ಹೇಳಿದ್ದಾನೆ. ತಂದೆತಾಯಿ, ಬಂಧುಗಳು, ಅನಾಥರು, ಬಡವರು, ನೆರೆಯವರು. ಅದೇ ಪಟ್ಟಿಯಲ್ಲಿ ‘ಸಾಹಿಬ್ ಬಿಲ್ ಜಂಬ್’ ಇದ್ದಾರೆ. ಮಗ್ಗುಲಲ್ಲಿರುವ ಜೊತೆಗಾರ ಎಂದರ್ಥ. ವ್ಯಾಖ್ಯಾನಕಾರರು ಇದರಲ್ಲಿ ಪ್ರಯಾಣದ ಜೊತೆಗಾರನನ್ನೂ ಸೇರಿಸಿದ್ದಾರೆ. ಖಾನಾಪುರದ ಬಸ್ಸಿನಲ್ಲಿ ನಮ್ಮ ಮಗ್ಗುಲಲ್ಲಿ ಯಾರು ಕೂರುತ್ತಾರೆ? ಮರಾಠಿ ಮಾತಾಡುವ ರೈತ, ಕೊಂಕಣಿ ಮಾತಾಡುವ ಅಜ್ಜಿ, ಮಚ್ಛೆಯಲ್ಲಿ ಇಳಿಯುವ ಕಾಲೇಜು ಹುಡುಗ, ಜಿಲ್ಲಾ ಆಸ್ಪತ್ರೆಯಿಂದ ಔಷಧಿ ಚೀಲ ಹಿಡಿದು ಊರಿಗೆ ಮರಳುವವರು. ಆ ಸೂಕ್ತದಲ್ಲಿ ಜೊತೆಗಾರನ ಧರ್ಮ ಯಾವುದು, ಭಾಷೆ ಯಾವುದು ಎಂಬ ಷರತ್ತು ಇಲ್ಲ. ಸರಿದು ಜಾಗ ಕೊಡುವುದು, ಮೊಬೈಲಿನ ಸದ್ದು ತಗ್ಗಿಸುವುದು, ನಿಂತಿರುವ ಮುದುಕರಿಗೆ ಏಳುವುದು, ಇವೆಲ್ಲ ಕುರ್‌ಆನ್ ಹೇಳಿದ ಹಕ್ಕನ್ನು ಸಲ್ಲಿಸುವ ಕೆಲಸಗಳು. ಇಸ್ಲಾಮಿನ ಬಗ್ಗೆ ಒಂದು ಪುಸ್ತಕವನ್ನೂ ಓದದ ಎಷ್ಟೋ ಜನ ನಮ್ಮನ್ನು ಓದುವುದು ಆ ಒಂದು ಗಂಟೆಯಲ್ಲಿ.

ದಾರಿಗೂ ಹಕ್ಕಿದೆ. ದಾರಿಬದಿಯಲ್ಲಿ ಕೂರಲೇಬೇಕಾದರೆ ದಾರಿಯ ಹಕ್ಕನ್ನು ಸಲ್ಲಿಸಬೇಕೆಂದು ಪ್ರವಾದಿ(ಸ) ಸಹಾಬಿಗಳಿಗೆ ಕಲಿಸಿದರು. ದೃಷ್ಟಿ ತಗ್ಗಿಸುವುದು, ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರ ಕೊಡುವುದು, ಒಳಿತನ್ನು ಹೇಳಿ ಕೆಡುಕನ್ನು ತಡೆಯುವುದು ಅದರಲ್ಲಿ ಸೇರಿವೆ. ಇಂದು ಹೊರಗೆ ಹೋದಾಗ ನಿಮ್ಮ ಬೈಕ್ ಎಲ್ಲಿ ನಿಂತಿದೆ ನೋಡಿ. ಜುಮಾದ ಪುಣ್ಯಕ್ಕೆ ಬಂದವರು ಆಂಬುಲೆನ್ಸಿನ ದಾರಿಗೆ ಅಡ್ಡವಾಗಿ ನಿಲ್ಲಿಸಿ ಬಂದರೆ ಏನು ಗಳಿಸಿದ ಹಾಗಾಯಿತು?

ಇನ್ನು ನಾಲ್ಕನೆಯ ಮಾತು. ಇದನ್ನು ಹೇಳಲೆಂದೇ ಇಷ್ಟು ದೂರ ಬಂದೆವು.

ನಮ್ಮ ಜಮಾಅತಿನಲ್ಲಿ ಖಾನಾಪುರ ತಾಲೂಕಿನಲ್ಲಿ ನೆಂಟರಿರುವ ಮನೆಗಳು ಕಡಿಮೆಯಿಲ್ಲ. ಯಾರದೋ ಫೂಫಿ ಅಲ್ಲಿದ್ದಾರೆ, ಯಾರದೋ ಖಾಲಾ, ಯಾರದೋ ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರೆ, ‘ದೂರ ಆಗುತ್ತೆ ಹಜ್ರತ್, ಟೈಮ್ ಆಗಲ್ಲ’ ಎನ್ನುತ್ತೇವೆ. ನಮಾಝಿಗೆ ಸಫರ್ ಎನಿಸದ ದೂರ, ಸಂಬಂಧಕ್ಕೆ ಹೇಗೆ ಸಫರ್ ಆಯಿತು?

ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿ ಒಬ್ಬ ಮನುಷ್ಯನ ಪ್ರಸ್ತಾಪವಿದೆ. ಆತ ಬೇರೊಂದು ಊರಿನಲ್ಲಿದ್ದ ತನ್ನ ಸಹೋದರನನ್ನು ಕಾಣಲು ಹೊರಟಿದ್ದ. ಅಲ್ಲಾಹನು ದಾರಿಯಲ್ಲಿ ಒಬ್ಬ ಮಲಕ್‌ನನ್ನು ನಿಲ್ಲಿಸಿದನು. ಅವನಿಂದ ನಿನಗೆ ಏನಾದರೂ ಲಾಭವಿದೆಯೇ ಎಂದು ಮಲಕ್ ಕೇಳಿದಾಗ, ಇಲ್ಲ, ಅಲ್ಲಾಹನಿಗಾಗಿ ಅವನನ್ನು ಪ್ರೀತಿಸುತ್ತೇನೆ, ಅಷ್ಟೇ ಎಂದನಾತ. ನೀನು ಅವನನ್ನು ಪ್ರೀತಿಸಿದಂತೆ ಅಲ್ಲಾಹನು ನಿನ್ನನ್ನು ಪ್ರೀತಿಸುತ್ತಾನೆಂಬ ಸುದ್ದಿ ಅವನಿಗೆ ದೊರೆಯಿತು. ಆತ ಹೊರಟದ್ದು ಹಜ್ಜಿಗಲ್ಲ, ಯುದ್ಧಕ್ಕಲ್ಲ. ಪಕ್ಕದ ಊರಿಗೆ.

ಆದರೆ ನಮ್ಮನ್ನು ತಡೆಯುತ್ತಿರುವುದು ನಿಜವಾಗಿ ದೂರವಲ್ಲ. ಬೆಳಗಾವಿ-ಖಾನಾಪುರ ರಸ್ತೆ ಈಗ ನಾಲ್ಕು ಪಥದ ಹೆದ್ದಾರಿ. ರಸ್ತೆ ಅಗಲವಾಯಿತು, ಪಕ್ಕದ ಹೊಲಗಳಿಗೆ ಬೆಲೆ ಬಂತು, ಬೆಲೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅಕ್ಕತಮ್ಮಂದಿರ ಮಾತು ನಿಂತಿತು. ಆ ಕಡೆಯಿಂದ ಒಬ್ಬ ಹಿರಿಯ ಸಹೋದರಿ ನಮ್ಮಲ್ಲಿಗೆ ಬಂದಿದ್ದರು. ತಂದೆ ತೀರಿಕೊಂಡ ಮೇಲೆ ತಮ್ಮ ಒಂದು ಕಾಗದ ತಂದ, ಹಕ್ಕುಬಿಡುಗಡೆ ಪತ್ರ ಎಂದ, ಸಹಿ ಮಾಡಿದೆ ಎಂದರು. ಯಾಕೆ ಮಾಡಿದಿರಿ ಅಮ್ಮಾ ಎಂದು ಕೇಳಿದೆವು. ‘ಮಾಡದಿದ್ದರೆ ತವರಿನ ಬಾಗಿಲು ಮುಚ್ತದಲ್ಲ ಹಜ್ರತ್. ಸಹಿ ಮಾಡಿದ ಮೇಲೂ ಅವನು ಒಂದು ಈದಿಗೂ ಬರಲಿಲ್ಲ. ಜಮೀನು ಇರಲಿ, ಅವನಿಗೆ ಒಮ್ಮೆ ಬಂದು ಹೋಗು ಅಂತ ಹೇಳಬಹುದಾ?’ ಎಂದರು.

ಸಹೋದರರೇ, ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಪಾಲು ಎಂದು ನಿಗದಿ ಮಾಡಿದವನು ಅಲ್ಲಾಹನು. ಅದು ಅಣ್ಣತಮ್ಮಂದಿರು ಕೊಡುವ ಉಡುಗೊರೆಯಲ್ಲ. ಅಕ್ಕ ಕೇಳಿದರೂ ಅವಳದು, ಕೇಳದಿದ್ದರೂ ಅವಳದು. ಮದುವೆಯಲ್ಲಿ ಖರ್ಚು ಮಾಡಿದ್ದೆವಲ್ಲ ಎಂಬ ಮಾತು ಅದಕ್ಕೆ ಉತ್ತರವಲ್ಲ. ಒಬ್ಬರ ಸೊತ್ತು ಅವರ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹಲಾಲ್ ಆಗುವುದಿಲ್ಲ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸಂಕೋಚದಿಂದ, ತವರು ತಪ್ಪುತ್ತದೆ ಎಂಬ ಭಯದಿಂದ ಹಾಕಿದ ಸಹಿ ಮನಸ್ಸಿನ ಒಪ್ಪಿಗೆಯೇ? ನೋಂದಣಿ ಕಚೇರಿ ಆ ಕಾಗದವನ್ನು ಒಪ್ಪಬಹುದು. ಅದನ್ನು ನಾಳೆ ಅಲ್ಲಾಹನ ಮುಂದೆ ಹಿಡಿಯಬೇಕಾದವರು ನಾವು. ಇಪ್ಪತ್ತಾರು ಕಿಲೋಮೀಟರಿಗೆ ನಮಾಝ್ ಅರ್ಧವಾಗುತ್ತದೆಯೇ ಎಂದು ಇಷ್ಟು ಎಚ್ಚರದಿಂದ ಕೇಳುವ ನಾವು, ಅಕ್ಕನ ಪಾಲನ್ನು ಯಾರನ್ನೂ ಕೇಳದೆ ಸೊನ್ನೆ ಮಾಡಿಬಿಡುತ್ತೇವೆ.

ಈ ಭಾನುವಾರ ಸಾಧ್ಯವಾದವರು ಹೊರಡಿ. ಮಕ್ಕಳನ್ನು ಕರೆದುಕೊಂಡು ಹೋಗಿ, ವಯಸ್ಸಿಗೆ ತಕ್ಕ ಟಿಕೆಟ್ ತೆಗೆಯಿರಿ. ಅವರು ಮೊದಲು ಬರಲಿ ಎಂದು ಕಾಯಬೇಡಿ. ಬಂದವರ ಮನೆಗೆ ಮಾತ್ರ ಹೋಗುವವನು ಸಂಬಂಧ ಜೋಡಿಸಿದವನಲ್ಲ, ಕಡಿದುಹೋದಾಗಲೂ ಜೋಡಿಸುವವನೇ ನಿಜವಾಗಿ ಜೋಡಿಸುವವನು ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಕೊಡಬೇಕಾದದ್ದು ಇದ್ದರೆ ಆ ಮಾತನ್ನು ನೀವೇ ತೆಗೆಯಿರಿ. ಲೆಕ್ಕ ತಿಳಿಯದಿದ್ದರೆ ಕಾಗದಪತ್ರ ಹಿಡಿದು ನಮ್ಮಲ್ಲಿಗೆ ಬನ್ನಿ, ಉಲಮಾಗಳ ಜೊತೆ ಕೂತು ಪಾಲು ಬರೆದುಕೊಡೋಣ. ಎಲ್ಲವನ್ನೂ ಒಂದೇ ಸಲ ಕೊಡಲಾಗದಿದ್ದರೆ ಒಪ್ಪಂದ ಬರೆದು ಕಂತಿನಲ್ಲಿ ಕೊಡಿ. ಆದರೆ ಮಾತು ಶುರುವಾಗಲಿ. ಅವರು ಮುದುಕರಾಗುತ್ತಿದ್ದಾರೆ, ನಾವೂ ಕೂಡ.

ಅಲ್ಲಾಹನೇ, ನಮ್ಮ ಸಣ್ಣ ಪ್ರಯಾಣಗಳಲ್ಲಿ ಸತ್ಯವನ್ನು ಕೊಡು. ಮಗ್ಗುಲಲ್ಲಿ ಕೂತವರಿಗೆ ನಮ್ಮಿಂದ ನೋವಾಗದಿರಲಿ. ನಾವು ಇನ್ನೊಬ್ಬರ ಹಕ್ಕನ್ನು ಹೊತ್ತುಕೊಂಡು ನಿನ್ನ ಬಳಿಗೆ ಬರುವಂತೆ ಮಾಡಬೇಡ. ಮುನಿದಿರುವ ಅಣ್ಣತಮ್ಮ, ಅಕ್ಕತಂಗಿಯರ ಹೃದಯಗಳನ್ನು ಜೋಡಿಸು. ಆಮೀನ್.