ಒಲೆ ಕಲಿಸಿದ ಪಾಠ

ಹಳ್ಳಿಮನೆಗಳಲ್ಲಿ ‘ಅಸ್ತ್ರ ಒಲೆ’ ನೋಡಿದವರು ಅನೇಕರು. ಆ ಹೆಸರು ಬಂದದ್ದು ಬತ್ತಳಿಕೆಯಿಂದಲ್ಲ, ವಿದ್ಯಾಲಯದಿಂದ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಗ್ರಾಮಗಳಿಗೆಂದೇ ಹುಟ್ಟಿದ ಕೇಂದ್ರದ ಹೆಸರು ಅಸ್ತ್ರ.

ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿಯವರು ರಸಾಯನ ವಿಜ್ಞಾನಿ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಮುತ್ತ ಮನೆಮನೆಯ ಸೌದೆಯ ಲೆಕ್ಕ ಹಿಡಿಯಿತು. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಪಾಲು! ಇಂಥ ಲೆಕ್ಕದಿಂದಲೇ ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಒಲೆ ಮೂಡಿತು. ಅಲ್ಲೇ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದ ಬಲದಿಂದ ದೀಪ ಹೊತ್ತಿತು, ನೀರು ಹರಿಯಿತು.

ಹೀಗೆ ಅಳೆದು ಕಲಿಯುವ ಪಾಠ ನಮ್ಮ ಕಾಲೇಜುಗಳಿಗೂ ಬೇಕು. ಇಂದು ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನವೇನೋ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಮರುದಿನ ಮರೆಯುವವರೂ ಇದ್ದಾರೆ. ದೀಪದ ಕೆಳಗೆ ಕತ್ತಲೆ ಎಂಬಂತೆ, ಪಾಠ ನಡೆಯುವಾಗಲೇ ಪಕ್ಕದ ಖಾಲಿ ಕೊಠಡಿಯಲ್ಲಿ ಫ್ಯಾನು ತಿರುಗುತ್ತಿರುತ್ತದೆ.

ವಾಣಿಜ್ಯದ ಹುಡುಗಿ ಕಾಲೇಜಿನ ಕರೆಂಟ್ ಬಿಲ್ಲನ್ನು ಓದಲಿ. ಎಂಜಿನಿಯರಿಂಗ್ ಹುಡುಗ ಹಾಸ್ಟೆಲ್ ಅಡುಗೆಮನೆಯ ಉರಿಯನ್ನು ಅಳೆಯಲಿ. ಕನ್ನಡ ಮೇಷ್ಟ್ರು ಸೌದೆ ಹೊತ್ತ ಅಜ್ಜಿಯ ಮಾತನ್ನು ಬರೆಸಲಿ. ಸೌದೆ, ಕರೆಂಟುಗಳ ಹಿಂದಿರುವ ಇಂಗಾಲದ ಲೆಕ್ಕ ಎಲ್ಲ ವಿಷಯಗಳಿಗೂ ಸೇರಿದ್ದು. ವಿದ್ಯೆ ಮೊದಲು ತನ್ನ ಮನೆಯ ಒಲೆಯನ್ನು ನೋಡಿಕೊಳ್ಳಲಿ.